ಎಕ್ಕದ ಹತ್ತಿ, ಮರದ ವಿಮಾನ

ಯುದ್ಧ ಎಂದ ಕೂಡಲೇ ನಮಗೆ ನೆನಪಾಗುವುದು ಸೇನಾಪತಿಗಳು, ನಕ್ಷೆಗಳು, ಒಪ್ಪಂದಗಳು. ಆ ದಿನಗಳಲ್ಲಿ ಹೈಸ್ಕೂಲಿನ ಗಂಟೆ ಹೊಡೆಯುತ್ತಿತ್ತೇ, ಹೊಡೆದ ಮೇಲೆ ಒಳಗೆ ಏನು ನಡೆಯುತ್ತಿತ್ತು ಎಂಬುದನ್ನು ಇತಿಹಾಸದ ಪುಸ್ತಕಗಳು ಹೇಳುವುದು ಕಡಿಮೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿದವನು ನಾನು. ನನಗೆ ಮೊದಲು ಏಳುವುದು ಈ ಪ್ರಶ್ನೆಯೇ. ವೃತ್ತಿಯ ಚಾಳಿ, ಏನು ಮಾಡುವುದು!

2004ರಲ್ಲಿ ಆರು ತಿಂಗಳು ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಸುತ್ತ ಮುಸುಕಿನ ಜೋಳದ ಹೊಲ. ಕಾರು ಬಿಡಲು ಬಾರದವನು ನಡೆದು ಹೋಗಬಹುದಾದ ಜಾಗ ಲೈಬ್ರರಿ ಒಂದೇ. ಅಲ್ಲಿ ಆ ಊರಿನ ಹೈಸ್ಕೂಲಿನ ವಾರ್ಷಿಕ ಸಂಚಿಕೆಗಳನ್ನು ವರ್ಷವಾರು ಜೋಡಿಸಿಟ್ಟಿದ್ದರು. ನಾನು 1941ರಿಂದ 1945ರವರೆಗಿನ ಐದನ್ನು ಕೆಳಗಿಳಿಸಿಕೊಂಡು ಕೂತೆ. ಮೊದಲನೆಯದರಲ್ಲಿ ಫುಟ್‌ಬಾಲ್, ಬ್ಯಾಂಡು, ನಾಟಕ, ತಲೆಗೆ ಎಣ್ಣೆ ಹಚ್ಚಿ ಬಾಚಿದ ಹುಡುಗರ ಸಾಲು ಸಾಲು. 1944ರದ್ದನ್ನು ತೆರೆದರೆ ಕೊನೆಯ ವರ್ಷದ ತರಗತಿಯ ಪುಟದಲ್ಲಿ ಹುಡುಗಿಯರೇ ಹುಡುಗಿಯರು. ನಡುನಡುವೆ ಒಬ್ಬೊಬ್ಬ ಹುಡುಗ. ಅವರಲ್ಲೂ ಕೆಲವರು ಸಮವಸ್ತ್ರದಲ್ಲಿ. ಹಾಜರಿ ಕೂಗಿ ಅಭ್ಯಾಸವಿದ್ದ ಕಣ್ಣಿಗೆ ಆ ಪುಟದಲ್ಲಿ ಮೊದಲು ಕಂಡದ್ದು ಇಲ್ಲದವರೇ.

ಇದರ ಹಿಂದೆ ಒಂದು ಕಾನೂನಿತ್ತು. 1941ರ ಡಿಸೆಂಬರ್ 7ರ ಭಾನುವಾರ ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿತ್ತು. ಸೋಮವಾರ ಎಷ್ಟೋ ಶಾಲೆಗಳಲ್ಲಿ ಪಾಠ ನಿಲ್ಲಿಸಿ, ಮಕ್ಕಳನ್ನೆಲ್ಲ ಒಂದೆಡೆ ಕೂಡಿಸಿ, ರೇಡಿಯೋದಲ್ಲಿ ರೂಸ್‌ವೆಲ್ಟರ ಭಾಷಣ ಕೇಳಿಸಿದರು. ಆಗ ಕಡ್ಡಾಯ ಸೈನ್ಯಸೇವೆಗೆ ಇಪ್ಪತ್ತೊಂದು ತುಂಬಿರಬೇಕಿತ್ತು. 1942ರ ನವೆಂಬರಿನಲ್ಲಿ ಅದನ್ನು ಹದಿನೆಂಟಕ್ಕೆ ಇಳಿಸಿದರು. ತಂದೆತಾಯಿ ಸಹಿ ಹಾಕಿದರೆ ಹದಿನೇಳಕ್ಕೇ ನೌಕಾಪಡೆ ಸೇರಬಹುದಿತ್ತು. ಹೊಲದ ಕೆಲಸಕ್ಕೆ ತೀರ ಬೇಕಾದವರಿಗೆ ವಿನಾಯಿತಿ ಇತ್ತು. ಆದರೆ ಗೆಳೆಯರೆಲ್ಲ ಹೊರಟಾಗ ಹಂದಿ ಸಾಕುತ್ತ ಕೂರುವುದು ಹದಿನೆಂಟರ ಹುಡುಗನಿಗೆ ಎಷ್ಟು ಕಷ್ಟ ಎಂದು ನಾವೇ ಊಹಿಸಬಹುದು. ಇನ್ನೊಂದು ವಿಚಿತ್ರ ನೋಡಿ: ಅಂದು ಮತ ಹಾಕಲು ಇಪ್ಪತ್ತೊಂದಾಗಬೇಕಿತ್ತು. 1943ರಲ್ಲಿ ಜಾರ್ಜಿಯ ರಾಜ್ಯ ಮಾತ್ರ ಅದನ್ನು ಹದಿನೆಂಟಕ್ಕೆ ತಂದಿತು. ದೇಶಕ್ಕೆಲ್ಲ ಆ ಹಕ್ಕು ಬಂದದ್ದು 1971ರಲ್ಲಿ. ಸಾಯಲು ವಯಸ್ಸಾಗಿತ್ತು, ಓಟಿಗೆ ಆಗಿರಲಿಲ್ಲ.

ಉಳಿದವರು ಏನು ಮಾಡಿದರು? ಇದನ್ನು ನನಗೆ ಹೇಳಿದವರು ಮಗಳ ಪಕ್ಕದ ಮನೆಯ ಅಜ್ಜಿ. ಯುದ್ಧ ಶುರುವಾದಾಗ ಆಕೆ ಒಂಬತ್ತನೆಯ ತರಗತಿ. ನಾನು ಮೇಷ್ಟ್ರೆಂದು ತಿಳಿದದ್ದೇ ತಡ, ಬೇಲಿಯ ಹತ್ತಿರ ಕುರ್ಚಿ ಹಾಕಿಸಿದರು.

ಮರಗೆಲಸದ ತರಗತಿಯ ಹುಡುಗರು ವಿಮಾನ ಮಾಡುತ್ತಿದ್ದರಂತೆ. 1942ರ ಆರಂಭದಲ್ಲಿ ನೌಕಾಪಡೆ ದೇಶದ ಹೈಸ್ಕೂಲುಗಳಿಂದ ಐದು ಲಕ್ಷ ಮರದ ಮಾದರಿ ವಿಮಾನ ಕೇಳಿತ್ತು. ನಮ್ಮದು ಯಾವುದು, ಶತ್ರುವಿನದು ಯಾವುದು ಎಂದು ಸೈನಿಕರು ಕಣ್ಣಳತೆಯಲ್ಲೇ ಗುರುತಿಸಲು ಅವು ಬೇಕಿದ್ದವು. ಅಳತೆ ಎಪ್ಪತ್ತೆರಡಕ್ಕೆ ಒಂದು. ನನಗೆ ಇಂಥದ್ದು ಸಿಕ್ಕರೆ ಲೆಕ್ಕ ಮಾಡದೆ ಇರಲಾಗದು: ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ ಅದು 2,520 ಅಡಿ, ಅಂದರೆ ಹೆಚ್ಚುಕಡಿಮೆ ಅರ್ಧ ಮೈಲಿ ದೂರದ ನಿಜ ವಿಮಾನದಷ್ಟೇ ಕಾಣುತ್ತದೆ. ರೆಕ್ಕೆಯ ಅಂಚು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತಿರಸ್ಕಾರ. ಸರಿಬಂದರೆ ಕಪ್ಪು ಬಣ್ಣ ಬಳಿದು ಕಳಿಸುವುದು. ಅನುಪಾತದ ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ನನ್ನ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ. ಇದನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ.

ಯುದ್ಧದ ಸ್ಟ್ಯಾಂಪುಗಳೂ ಹಾಗೆಯೇ. ಹತ್ತು ಸೆಂಟಿನದು, ಇಪ್ಪತ್ತೈದು ಸೆಂಟಿನದು. ಮಕ್ಕಳು ತಿಂಡಿಯ ಕಾಸು ಉಳಿಸಿ ವಾರವಾರವೂ ತರಗತಿಯಲ್ಲೇ ಕೊಂಡು ಪುಸ್ತಕಕ್ಕೆ ಅಂಟಿಸಬೇಕು. ಇಪ್ಪತ್ತೈದರದ್ದು ಎಪ್ಪತ್ತೈದು ಸೇರಿದರೆ 18 ಡಾಲರ್ 75 ಸೆಂಟು. ಅದಕ್ಕೆ ಒಂದು ಬಾಂಡು. ಹತ್ತು ವರ್ಷಕ್ಕೆ 25 ಡಾಲರ್. ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಶೇಕಡಾ 2.9. ಇಷ್ಟು ಹಣ ಕೂಡಿಸಿದ ಶಾಲೆಗೆ ಒಂದು ಜೀಪು ಕೊಡಿಸಿದ ಗೌರವ, ಅಷ್ಟು ಕೂಡಿಸಿದ ಶಾಲೆಗೆ ವಿಮಾನ ಕೊಡಿಸಿದ ಗೌರವ. ತರಗತಿ ತರಗತಿಗೆ ಪೈಪೋಟಿ.

1942ರ ಶರತ್ಕಾಲದಲ್ಲಿ ಗುಜರಿ ಕಬ್ಬಿಣ ಕೂಡಿಹಾಕುವ ಅಭಿಯಾನ ದೇಶದ ತುಂಬ ನಡೆಯಿತು. ಹುಡುಗರು ನೇಗಿಲು, ಒಲೆ, ಮುರಿದ ಮಂಚ ಎಲ್ಲವನ್ನೂ ಶಾಲೆಯ ಅಂಗಳಕ್ಕೆ ಎಳೆದು ತಂದರು. ಎಷ್ಟೋ ಊರುಗಳಲ್ಲಿ ಕೋರ್ಟಿನ ಮುಂದೆ ಸ್ಮಾರಕವಾಗಿ ನಿಲ್ಲಿಸಿದ್ದ ಹಳೆಯ ಯುದ್ಧದ ಫಿರಂಗಿಯನ್ನೇ ಹೊಸ ಯುದ್ಧಕ್ಕೆ ಕರಗಿಸಲು ಕೊಟ್ಟರು. ಅದೇ ಡಿಸೆಂಬರಿನಿಂದ ದೇಶಕ್ಕೆಲ್ಲ ಪೆಟ್ರೋಲು ರೇಷನ್. ನಿಜವಾಗಿ ಕೊರತೆ ಇದ್ದದ್ದು ರಬ್ಬರಿಗೆ. ರಬ್ಬರಿನ ನಾಡುಗಳಲ್ಲಿ ಹೆಚ್ಚಿನವು ಜಪಾನಿನ ಕೈಸೇರಿದ್ದವು. ಟೈರು ಸವೆಯಬಾರದೆಂದು ಪೆಟ್ರೋಲು ಹಿಡಿದರು, ಗಂಟೆಗೆ 35 ಮೈಲಿಗಿಂತ ವೇಗ ಬೇಡವೆಂದರು. ದೂರದ ಊರಿನ ಫುಟ್‌ಬಾಲ್ ಪಂದ್ಯಗಳು ಅಲ್ಲಿಗೇ ನಿಂತವು. ಟೈಪಿಂಗ್ ತರಗತಿಯ ಯಂತ್ರಗಳಲ್ಲಿ ಕೆಲವು ಸೈನ್ಯಕ್ಕೆ ಹೋದವು. ವರ್ಷದ ಕೊನೆಯ ನೃತ್ಯಕ್ಕೆ ಹುಡುಗರು ಸಾಲದೆ ಹುಡುಗಿಯರು ಹುಡುಗಿಯರ ಜೊತೆಯೇ ಕುಣಿದರಂತೆ.

ಆದರೆ ಅಜ್ಜಿ ಕಣ್ಣರಳಿಸಿ ಹೇಳಿದ್ದು ಹತ್ತಿಯ ಕಥೆ. ಮುಳುಗುವ ನಾವಿಕರ ತೇಲುಕವಚಕ್ಕೆ ಅಲ್ಲಿಯವರೆಗೆ ತುಂಬುತ್ತಿದ್ದದ್ದು ಜಾವಾದ ಬಿಳಿ ಬೂರುಗದ ಹತ್ತಿ. 1942ರಲ್ಲಿ ಜಾವಾ ಜಪಾನಿನ ವಶವಾಯಿತು. ಬದಲಿಗೆ ಸಿಕ್ಕಿದ್ದು ಅಮೆರಿಕದ ಬೇಲಿಸಾಲಿನ ಮಿಲ್ಕ್‌ವೀಡ್ ಗಿಡ. ಮುರಿದರೆ ಹಾಲು ಸುರಿಯುವ, ಕಾಯಿ ಬಿರಿದರೆ ರೇಶಿಮೆಯಂಥ ಕುಚ್ಚಿನ ಬೀಜವನ್ನು ಗಾಳಿಗೆ ಬಿಡುವ ಗಿಡ. ನಮ್ಮ ಎಕ್ಕದ ಕುಲಬಾಂಧವ, ರೈತನ ಪಾಲಿಗೆ ಬರಿ ಕಳೆ. ಅದನ್ನು ಬೆಳೆದವರೂ ಇಲ್ಲ, ಕೊಯ್ಯಲು ಯಂತ್ರವೂ ಇಲ್ಲ. ಇದ್ದದ್ದು ಶಾಲೆಯ ಮಕ್ಕಳು. 1944ರ ಸೆಪ್ಟೆಂಬರಿನಲ್ಲಿ ಈರುಳ್ಳಿ ಚೀಲ ಹೆಗಲಿಗೇರಿಸಿ ತರಗತಿಗೆ ತರಗತಿಯೇ ಬೇಲಿಯುದ್ದಕ್ಕೂ ಹೊರಡುತ್ತಿತ್ತು. ಕಾಯಿ ಬಿರಿಯುವ ಮೊದಲೇ ಕೀಳಬೇಕು. ತಂದು ಬೇಲಿಗೇ ನೇತುಹಾಕಿ ಒಣಗಿಸಬೇಕು. ಅಲ್ಲಿಂದ ಮಿಶಿಗನ್ನಿನ ಪೆಟಾಸ್ಕಿ ಎಂಬಲ್ಲಿಯ ಕಾರ್ಖಾನೆಗೆ. ಎರಡು ಚೀಲ ಕಾಯಿಗೆ ಒಂದು ಕವಚ, ಒಂದು ಕವಚಕ್ಕೆ ಒಂದು ಜೀವ.

“ನಾನು ಮೂರು ಜೀವ ಉಳಿಸಿದ್ದೇನೆ, ಆರು ಚೀಲ,” ಎಂದರು ಅಜ್ಜಿ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಬದುಕಿನಲ್ಲಿ ಅಷ್ಟು ಖುಷಿಯಾಗಿದ್ದ ಕಾಲ ಇನ್ನೊಂದಿಲ್ಲ. ಹಾಗೆ ಹೇಳಬಾರದು, ಅಲ್ಲವೇ?” ಎಂದು ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ಹದಿನೈದರ ಮಕ್ಕಳಿಗೆ ನೀವಿಲ್ಲದೆ ನಡೆಯದು ಎಂದು ದೊಡ್ಡವರು ಹೇಳುವುದು ಎಷ್ಟು ಅಪರೂಪ! ನಾವು ಶಾಂತಿಕಾಲದ ಮೇಷ್ಟರುಗಳು ಅವರಿಗೆ ಹೇಳುವುದೆಲ್ಲ ಮುಂದೆ ದೊಡ್ಡವರಾದ ಮೇಲೆ ಎಂಬ ಮಾತು. ಆ ಮಕ್ಕಳ ಹುರುಪು ಸುಳ್ಳಲ್ಲ, ಅವರ ಆರು ಚೀಲವೂ ಸುಳ್ಳಲ್ಲ. ಆದರೆ ಅದೇ ಹುರುಪು, ಅದೇ ಗೋಂದು ಮೆತ್ತಿದ ಕೈಗಳು ಒಂದೆರಡು ವರ್ಷಕ್ಕೆ ನಿಜ ವಿಮಾನ ಹತ್ತಿದವು. ಶಾಲೆಗೆ ಅದು ಗೊತ್ತಿತ್ತು. 1942ರ ಸೆಪ್ಟೆಂಬರಿನಲ್ಲೇ ಹೈಸ್ಕೂಲ್ ವಿಕ್ಟರಿ ಕೋರ್ ಎಂಬ ಯೋಜನೆ ಬಂದು, ವ್ಯಾಯಾಮ, ಹಾರಾಟಶಾಸ್ತ್ರ, ಗಣಿತ ಎಲ್ಲವನ್ನೂ ಮುಂದಿನ ಸೈನಿಕನ ಲೆಕ್ಕದಲ್ಲೇ ಕಲಿಸತೊಡಗಿದ್ದರು. ಅಲ್ಲಿ ಕಲಿಸುತ್ತಿದ್ದ ನನ್ನಂಥ ಮೇಷ್ಟ್ರಿಗೆ ರಾತ್ರಿ ನಿದ್ದೆ ಬರುತ್ತಿತ್ತೇ ಎಂದು ಆ ಸಂಚಿಕೆಗಳು ಹೇಳುವುದಿಲ್ಲ.

ಆ ಐದು ಸಂಚಿಕೆಗಳಲ್ಲೂ ಮಕ್ಕಳು ಧ್ವಜದ ಮುಂದೆ ಎದೆಯ ಮೇಲೆ ಕೈಯಿಟ್ಟು ನಿಂತ ಚಿತ್ರವಿತ್ತು. ಅಂಥದೇ ಚಿತ್ರ ಮುಂದೆ ಒಂದು ಪುಸ್ತಕದಲ್ಲಿ ಕಂಡೆ. ಅದು ಕೊಲೊರಾಡೋ ರಾಜ್ಯದ ಗ್ರನೇಡ ಎಂಬ ಪುಟ್ಟ ಊರಿನ ಪಕ್ಕದ ಅಮಾಚಿ ಹೈಸ್ಕೂಲಿನದು. ಅಲ್ಲಿಯೂ ಫುಟ್‌ಬಾಲ್ ತಂಡ, ವಿದ್ಯಾರ್ಥಿ ಸಂಘ, ವಾರ್ಷಿಕ ಸಂಚಿಕೆ ಎಲ್ಲ ಇತ್ತು. ಸುತ್ತ ಮಾತ್ರ ಮುಳ್ಳುತಂತಿ, ಕಾವಲು ಗೋಪುರ. 1942ರ ಫೆಬ್ರವರಿಯ ಆಜ್ಞೆಯಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಬಿಡಿಸಿ ಇಂಥ ಹತ್ತು ಶಿಬಿರಗಳಲ್ಲಿಟ್ಟಿದ್ದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹುಟ್ಟಾ ಅಮೆರಿಕನ್ನರು. ಅಮಾಚಿಯೊಂದರಲ್ಲೇ ಏಳು ಸಾವಿರಕ್ಕೂ ಹೆಚ್ಚು ಜನ. ಆ ಮಕ್ಕಳು ಪ್ರಜಾಪ್ರಭುತ್ವದ ಪಾಠ ಓದಿದ್ದು ತಂತಿಯೊಳಗೆ ಕೂತು. 1944ರ ಜನವರಿಯಲ್ಲಿ ಸರಕಾರ ಅವರನ್ನೂ ಕಡ್ಡಾಯ ಸೇನೆಗೆ ಕರೆಯಿತು. ಕೆಲವರು ಒಪ್ಪದೆ ಜೈಲಿಗೆ ಹೋದರು, ಹೆಚ್ಚಿನವರು ಹೋಗಿ ಹೋರಾಡಿದರು. ಅಮಾಚಿಯ 31 ಮಂದಿ ಹಿಂತಿರುಗಲಿಲ್ಲ. ಎಕ್ಕದ ಹತ್ತಿಯ ಕಥೆ ಕೇಳಿ ಎದೆ ತುಂಬಿದವನು ಇದನ್ನೂ ಅದರ ಪಕ್ಕದಲ್ಲೇ ಇಟ್ಟುಕೊಳ್ಳಬೇಕಾಯಿತು. ಒಂದು ಮಾತು ಸೇರಿಸಬೇಕು: 1993ರಲ್ಲಿ ಗ್ರನೇಡ ಹೈಸ್ಕೂಲಿನ ಮೇಷ್ಟ್ರು ಜಾನ್ ಹಾಪರ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಆ ಪಾಳುಜಾಗವನ್ನು ಉಳಿಸುವ ಕೆಲಸ ಶುರುಮಾಡಿದರು. ಮಕ್ಕಳೇ ಸ್ಮಶಾನದ ಕಳೆ ತೆಗೆದು, ಬಂದವರಿಗೆ ಜಾಗ ತೋರಿಸಿದರು. 2022ರಲ್ಲಿ ಅಮಾಚಿಯನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಮಾಡುವ ಕಾನೂನಿಗೆ ಸಹಿ ಬಿತ್ತು.

ಓದು ಅರ್ಧಕ್ಕೆ ಬಿಟ್ಟು ಹೋದವರ ಕಡೆಗೂ ಶಾಲೆಗಳು ಬಹಳ ತಡವಾಗಿ ತಿರುಗಿ ನೋಡಿದವು. 1999ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭವಾದ ಒಂದು ಯೋಜನೆ ರಾಜ್ಯರಾಜ್ಯಕ್ಕೆ ಹಬ್ಬಿ, ಎಪ್ಪತ್ತು ದಾಟಿದ ಮುದುಕರು ನಿಲುವಂಗಿ ತೊಟ್ಟು ಹೈಸ್ಕೂಲಿನ ಡಿಪ್ಲೊಮಾ ಪಡೆದರು. ತೀರಿಕೊಂಡವರದು ಮನೆಯವರ ಕೈಗೆ ಬಂತು.

ಅಜ್ಜಿಗೆ ಬಂದದ್ದು ಅಣ್ಣನದು. ಅವನು ಹದಿನೇಳಕ್ಕೆ ಅಪ್ಪನ ಸಹಿ ಪಡೆದು ನೌಕಾಪಡೆ ಸೇರಿದ್ದ. ಆಕೆ ಹತ್ತಿ ಆರಿಸಿದ ಆ ಚಳಿಗಾಲದಲ್ಲೇ ಪೆಸಿಫಿಕ್‌ನಲ್ಲಿ ಮುಳುಗಿದ. ಇದನ್ನು ಆಕೆ ನನಗೆ ಹೇಳಿದ್ದು ನಾನು ಊರಿಗೆ ಹೊರಡುವ ಹಿಂದಿನ ವಾರ. ಒಳಗೆ ಹೋಗಿ ಅಡುಗೆಮನೆಯ ಡ್ರಾಯರಿನಿಂದ ಆ ಹಾಳೆ ತಂದು ತೋರಿಸಿದರು. ಹೆಸರು ದೊಡ್ಡ ಅಕ್ಷರದಲ್ಲಿ, ಚಿನ್ನದ ಮುದ್ರೆ. ಗೋಡೆಗೆ ಯಾಕೆ ಹಾಕಿಲ್ಲ ಎಂದು ಕೇಳಿದೆ.

“ಅವನು ಬೀಜಗಣಿತದಲ್ಲಿ ಪಾಸಾಗಿರಲಿಲ್ಲ, ಮೇಷ್ಟ್ರೇ,” ಎಂದರು.

ನಾನಾಗಿದ್ದರೆ ಪಾಸು ಮಾಡುತ್ತಿದ್ದೆ ಎಂದೆ. ಆಕೆ ಹಾಳೆಯನ್ನು ಮತ್ತೆ ಲಕೋಟೆಗೆ ಸೇರಿಸಿ, ಕಾಫಿ ಕುಡಿಯುತ್ತೀರಾ ಎಂದು ಕೇಳಿದರು.