ಅಲಾಸ್ಕದ ಹಡಗಿನಲ್ಲಿ ಕೈಗಾಣಿಕೆ

2016ನೆಯ ಇಸವಿಯ ಶ್ರಾವಣ ಮಾಸದ ಕೊನೆಯ ವಾರ ನಾವು ಅಮೆರಿಕ ದೇಶದ ಸಿಯಾಟಲ್ ಬಂದರಿನಲ್ಲಿ ಅಲಾಸ್ಕಕ್ಕೆ ಹೋಗುವ ಹಡಗನ್ನೇರಿದೆವು. ಆ ಊರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಅಕ್ಕನ ಮಗನೂ ಅವನ ಹೆಂಡತಿಯೂ ಹಟ ಹಿಡಿದು ಏರ್ಪಡಿಸಿದ ಯಾತ್ರೆ ಅದು. ಶ್ರಾವಣದಲ್ಲಿ ಪುರಾಣ ಪ್ರವಚನಗಳನ್ನು ಬಿಟ್ಟು ಕಡಲಿನ ಮೇಲೆ ತಿರುಗುವುದೇ ಎಂಬ ಅಳುಕು ನಮ್ಮಲ್ಲಿತ್ತು. "ಲಿಂಗ ಅಂಗದ ಮೇಲೆಯೇ ಇರುವಾಗ ಎಲ್ಲಿದ್ದರೇನು ಮಾವನವರೆ?" ಎಂದು ಆ ಹುಡುಗಿ ಅಂದಾಗ, ಊರೂರು ತಿರುಗಿ ಇದೇ ಮಾತನ್ನು ಹೇಳಿಕೊಂಡು ಬಂದಿದ್ದ ನಮಗೆ ಉತ್ತರ ಹೊಳೆಯಲಿಲ್ಲ.

ಹಡಗೆಂದರೆ ತೇಲುವ ಒಂದು ಊರು. ಎರಡು ಸಾವಿರಕ್ಕೂ ಮಿಕ್ಕಿದ ಪ್ರಯಾಣಿಕರು. ಅವರಿಗೆ ಉಣಬಡಿಸಲು, ಹಾಸಿಗೆ ಹಾಸಲು, ಬಟ್ಟೆ ಒಗೆಯಲು, ಯಂತ್ರ ನಡೆಸಲು ನೂರಾರು ಜನ ಕೆಲಸಗಾರರು. ಈ ಕೆಲಸಗಾರರಲ್ಲಿ ಅಮೆರಿಕದವರು ಬೆರಳೆಣಿಕೆಯಷ್ಟೂ ನಮಗೆ ಕಾಣಲಿಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯ ದೇಶಗಳವರೇ ಬಹಳ. ನಮ್ಮ ಗೋವ, ಮುಂಬಯಿ, ಕೇರಳಗಳವರೂ ಇದ್ದರು. ಇಂತಹ ಹಡಗುಗಳ ಒಡೆಯರು ಅಮೆರಿಕದಲ್ಲಿದ್ದರೂ ಹಡಗಿನ ಮೇಲೆ ಹಾರುವ ಬಾವುಟ ಸಾಮಾನ್ಯವಾಗಿ ಬಹಾಮಾಸ್, ಪನಾಮ ಮುಂತಾದ ದೇಶಗಳದು. ಹಡಗಿನ ಮೇಲೆ ಬಾವುಟದ ದೇಶದ ಕಾಯಿದೆ ನಡೆಯುತ್ತದೆಯಾದ್ದರಿಂದ ಅಮೆರಿಕದ ಕೂಲಿಯ ದರವನ್ನು ಕೊಡಬೇಕಾಗಿಲ್ಲ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕರ ಒಪ್ಪಂದವು ದಿನಕ್ಕೆ ಕನಿಷ್ಠ 10 ಗಂಟೆಗಳ ವಿಶ್ರಾಂತಿ ಸಿಗಬೇಕೆಂದು ವಿಧಿಸಿದೆ. ಇದನ್ನೇ ತಿರುಗಿಸಿ ಓದಿದರೆ 14 ಗಂಟೆ ದುಡಿಸಬಹುದೆಂದು ಅರ್ಥವಾಗುತ್ತದೆ. ಆರು ತಿಂಗಳು, ಎಂಟು ತಿಂಗಳು, ಕೆಲವರಿಗೆ ಒಂಬತ್ತು ತಿಂಗಳು ಮನೆಯ ಮುಖ ಕಾಣದ ದುಡಿಮೆ. ಅವರ ಸಂಪಾದನೆಯಲ್ಲಿ ಪ್ರಯಾಣಿಕರು ಕೊಡುವ ಭಕ್ಷೀಸು ದೊಡ್ಡ ಪಾಲು.

'ಭಕ್ಷೀಸು' ಎಂಬ ಮಾತು ನಮಗೆ ಹಿಡಿಸದು. ಅದು ದರ್ಬಾರಿನ ಮಾತು. ಮೇಲಿನಿಂದ ಕೆಳಗೆ ಎಸೆದ ದನಿ ಅದರಲ್ಲಿದೆ. ಈ ಬರಹದಲ್ಲಿ ಕೈಗಾಣಿಕೆ ಎಂದೇ ಕರೆಯುತ್ತೇವೆ, ಓದುಗ ಬಂಧುಗಳು ಒಪ್ಪಿಸಿಕೊಳ್ಳಬೇಕು.

ನಮ್ಮ ಕ್ಯಾಬಿನ್ನಿನ ಕೆಲಸ ನೋಡಿಕೊಳ್ಳುತ್ತಿದ್ದವನು ಕಾರವಾರದ ಕಡೆಯ ತರುಣ. ಮನೆಮಾತು ಕೊಂಕಣಿ, ಶಾಲೆ ಕಲಿತದ್ದು ಕನ್ನಡದಲ್ಲಿ. ಮೊದಲ ಸಂಜೆ ಬಾಗಿಲು ತಟ್ಟಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿದವನು ನಮ್ಮ ಹಣೆಯ ವಿಭೂತಿಯನ್ನು ಕಂಡು, "ಗುರುಗಳೇ, ತಾವು ಕರ್ನಾಟಕದವರೇ?" ಎಂದನು. ಶಾಂತಸಾಗರದ ಅಂಚಿನಲ್ಲಿ ಆ ಮಾತು ಕಿವಿಗೆ ಬಿದ್ದಾಗಿನ ಹಿಗ್ಗನ್ನು ಹೇಳಲಾರೆವು. ಮರುದಿನ ಬೆಳಿಗ್ಗೆ ನಾವು ಪೂಜೆಗೆ ಕುಳಿತಿದ್ದಾಗ ಬಾಗಿಲ ತನಕ ಬಂದವನು ಸದ್ದಿಲ್ಲದೆ ಹಿಂದಿರುಗಿದನು. ಅಂದಿನಿಂದ ಹಡಗು ಇಳಿಯುವವರೆಗೂ ನಮ್ಮ ಪೂಜೆ ಮುಗಿಯುವ ಮುನ್ನ ಒಮ್ಮೆಯೂ ಬಾಗಿಲು ತಟ್ಟಲಿಲ್ಲ. ಮುಂಚಿನ ರಾತ್ರಿಯೇ ಹೊಸ ತಂಬಿಗೆಯಂತಹ ಪಾತ್ರೆಯೊಂದರಲ್ಲಿ ನೀರು ತುಂಬಿಸಿ, ಒಗೆದ ಬಿಳಿಯ ಬಟ್ಟೆ ಮುಚ್ಚಿ ಇಟ್ಟು ಹೋಗುತ್ತಿದ್ದನು. ನಾವು ಕೇಳಿದ್ದಲ್ಲ, ಯಾರೂ ಹೇಳಿಕೊಟ್ಟದ್ದಲ್ಲ. ಅವನ ಪಾಲಿಗೆ ಅಂತಹ ಹದಿನೈದು ಕೋಣೆಗಳಿದ್ದವು.

ಜೂನೋ ಅಲಾಸ್ಕದ ರಾಜಧಾನಿ. ಹೊರಗಿನ ಯಾವ ಊರಿನಿಂದಲೂ ಅದಕ್ಕೆ ರಸ್ತೆಯಿಲ್ಲ, ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಅಲ್ಲಿಂದ ಮುಂದಿನದು ಸ್ಕ್ಯಾಗ್ವೇ. 1897-98ರಲ್ಲಿ ಕ್ಲಾಂಡೈಕ್ ಕಡೆ ಚಿನ್ನ ಸಿಕ್ಕಿತೆಂಬ ಸುದ್ದಿಗೆ ಸಾವಿರಾರು ಜನ ಇದೇ ಊರಿಗೆ ಬಂದಿಳಿದು ಬೆಟ್ಟ ಹತ್ತಿದರು. ಗಡಿಯಲ್ಲಿ ನಿಂತ ಕೆನಡಾದ ಪೊಲೀಸರು ಒಂದು ವರ್ಷಕ್ಕಾಗುವ ಆಹಾರ ಸಾಮಗ್ರಿ ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಉಪಕರಣ ಗುಡಾರಗಳೂ ಸೇರಿ ತಲೆಗೆ ಒಂದು ಟನ್ನಿನ ಹೊರೆ. ಏಕೆಂದರೆ ಚಳಿಗಾಲದಲ್ಲಿ ಅಲ್ಲಿ ಕಿಸೆಯ ತುಂಬ ಹಣವಿದ್ದರೂ ಕೊಳ್ಳಲು ಹಿಟ್ಟು ಸಿಗದು. ಆ ದಾರಿಯಲ್ಲಿ ಸತ್ತ ಕುದುರೆಗಳ ಲೆಕ್ಕ ಮೂರು ಸಾವಿರವೆನ್ನುತ್ತಾರೆ. 1900ರಲ್ಲಿ ಪೂರ್ಣವಾದ ಸಣ್ಣ ಹಳಿಯ ರೈಲು ಈಗ ಪ್ರವಾಸಿಗಳನ್ನು ಆ ಕಣಿವೆಗೆ ಕರೆದೊಯ್ಯುತ್ತದೆ. ನಾವೂ ಹೋಗಿ ಬಂದೆವು.

ನಾಲ್ಕನೆಯ ದಿನದ ಗ್ಲೇಷಿಯರ್ ಬೇ ಮಾತ್ರ ಮರೆಯುವಂತಹುದಲ್ಲ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ಹಡಗಿನವರು ಬಂದಾಗ ಈ ಕೊಲ್ಲಿಯು ಬಹುಪಾಲು ಹಿಮದಿಂದ ತುಂಬಿ, ಬಾಯಿಯಷ್ಟೇ ತೆರೆದಿತ್ತು. 1879ರಲ್ಲಿ ಜಾನ್ ಮ್ಯೂರ್ ಬರುವ ಹೊತ್ತಿಗೆ ಹಿಮವು 40 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಹಡಗು ಎಂಜಿನ್ನಿನ ಸದ್ದಡಗಿಸಿ ಮಾರ್ಜರಿ ಹಿಮನದಿಯ ಎದುರು ನಿಂತಿತು. ಸುಮಾರು ಒಂದು ಮೈಲಿ ಅಗಲ, ನೀರಿನ ಮೇಲೆ ಇನ್ನೂರೈವತ್ತು ಅಡಿ ಎತ್ತರದ ನೀಲಿ ಗೋಡೆ. ಅದರಿಂದ ಮನೆಯಷ್ಟು ದೊಡ್ಡ ತುಂಡೊಂದು ಕಳಚಿ ಬಿದ್ದಿತು. ಬಿದ್ದುದು ಮೊದಲು ಕಂಡಿತು, ಗುಡುಗಿನಂತಹ ಸದ್ದು ಆಮೇಲೆ ಬಂತು. ಎರಡು ಸಾವಿರ ಜನರ ಹಡಗು ಒಂದು ಗಳಿಗೆ ಮೌನವಾಯಿತು. ನಮ್ಮ ಕಾರವಾರದ ಹುಡುಗ ಎಲ್ಲೆಂದು ನೋಡಿದೆವು. ಅವನು ಒಳಗೆ ಹದಿಮೂರನೆಯದೋ ಹದಿನಾಲ್ಕನೆಯದೋ ಹಾಸಿಗೆ ಹಾಸುತ್ತಿದ್ದನು. ಆ ಬೇಸಗೆಯಲ್ಲಿ ಹತ್ತಾರು ಸಲ ಅಲ್ಲಿಗೆ ಬಂದಿದ್ದರೂ ಹೊರಗೆ ನಿಂತು ನೋಡಿದ್ದು ಒಂದೇ ಸಲವಂತೆ.

ಅಂದು ಸಂಜೆ ಬಿಡುವಾಗಿದ್ದಾಗ ಕೈಗಾಣಿಕೆಯ ಮಾತು ಬಂತು. ನಾವೇ ಕೇಳಿದೆವು. ಪ್ರಯಾಣಿಕರ ಖಾತೆಗೆ ದಿನಕ್ಕಿಷ್ಟೆಂದು ಹಡಗಿನವರೇ ಒಂದು ಮೊತ್ತ ಹಚ್ಚುತ್ತಾರೆ. ಆ ವರ್ಷ ನಮ್ಮ ಹಡಗಿನಲ್ಲಿ ತಲೆಗೆ ಹದಿಮೂರು ಡಾಲರಿನ ಸುಮಾರಿತ್ತು. ಈಗ ದೊಡ್ಡ ಹಡಗುಗಳಲ್ಲಿ ಹದಿನಾರರಿಂದ ಇಪ್ಪತ್ತರ ಆಸುಪಾಸಿಗೆ ಏರಿದೆ. ಅದು ಕೋಣೆಯವನಿಗೆ, ಬಡಿಸುವವನಿಗೆ, ಕಣ್ಣಿಗೆ ಬೀಳದ ಇನ್ನೂ ಕೆಲವರಿಗೆ ಹಂಚಿಕೆಯಾಗುತ್ತದೆ. ಕಡೆಯ ದಿನ ಕಚೇರಿಯ ಮುಂದೆ ಸಾಲು ನಿಂತು, "ನಾವು ಕೈಯಾರೆ ಕೊಡುತ್ತೇವೆ" ಎಂದು ಆ ಮೊತ್ತವನ್ನು ತೆಗೆಸಿಹಾಕಿ, ಆಮೇಲೆ ಯಾರಿಗೂ ಕೊಡದೆ ಇಳಿದುಹೋಗುವವರೂ ಉಂಟಂತೆ. ಮಠದ ಪ್ರಸಾದನಿಲಯದಲ್ಲಿ ಹನ್ನೆರಡು ವರ್ಷ ಉಂಡು ಬೆಳೆದ ನಾವು ಇದನ್ನು ಕೇಳಿ ನೊಂದುಕೊಂಡೆವು. ಬಡಿಸುವವನ ಮುಖ ಎಲ್ಲರಿಗೂ ಕಾಣುತ್ತದೆ. ಹಿತ್ತಿಲಲ್ಲಿ ಕೊಪ್ಪರಿಗೆ ತಿಕ್ಕುವವನದು ಕಾಣುವುದಿಲ್ಲ. ಆ ಮೊತ್ತವನ್ನು ಮುಟ್ಟದೆ, ಅದರ ಮೇಲೆ ಕೈಯಲ್ಲಿ ಕೊಡುವುದೇ ನ್ಯಾಯ.

"ಕೈಯಲ್ಲಿ ಕೊಟ್ಟದ್ದೂ ಎಲ್ಲವೂ ಹಣವಾಗುವುದಿಲ್ಲ ಗುರುಗಳೇ" ಎಂದು ಅವನು ನಕ್ಕನು. ಮರುದಿನ ಒಂದು ಬಿಸ್ಕತ್ತಿನ ಡಬ್ಬಿ ತಂದು ತೋರಿಸಿದನು. ಒಳಗೆ ಹತ್ತಾರು ದೇಶಗಳ ನಾಣ್ಯಗಳು. ಊರಿಗೆ ಮರಳುವ ಪ್ರಯಾಣಿಕರು ಕಿಸೆಯಲ್ಲಿ ಉಳಿದ ಚಿಲ್ಲರೆಯನ್ನೆಲ್ಲ ಲಕೋಟೆಗೆ ಸುರಿದು ಮೇಜಿನ ಮೇಲಿಟ್ಟು ಹೋಗುತ್ತಾರೆ. ಅವರ ಮಟ್ಟಿಗೆ ಅದು ಹಣ. ಆದರೆ ಹಣ ಬದಲಿಸುವ ಅಂಗಡಿಯವರು ನಾಣ್ಯವನ್ನು ಮುಟ್ಟುವುದಿಲ್ಲ, ನೋಟಾಗಿದ್ದರೆ ಮಾತ್ರ ಬದಲಿ. ಕೆನಡಾದ ಒಂದು ಮತ್ತು ಎರಡು ಡಾಲರುಗಳು ನಾಣ್ಯರೂಪದಲ್ಲಿಯೇ ಇರುವುದರಿಂದ ಡಬ್ಬಿಯಲ್ಲಿ ಅವೇ ಹೆಚ್ಚು. ಪರದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳಲ್ಲಷ್ಟೇ ಸುತ್ತಿ ಬರುವಂತಿಲ್ಲ, ನಡುವೆ ಬೇರೊಂದು ದೇಶವನ್ನು ಮುಟ್ಟಲೇಬೇಕೆಂದು 1886ರ ಅಮೆರಿಕದ ಕಾಯಿದೆಯೊಂದು ಹೇಳುತ್ತದೆ. ಆದ್ದರಿಂದ ಸಿಯಾಟಲ್ಲಿನ ಹಡಗುಗಳು ಕೆನಡಾದ ವಿಕ್ಟೋರಿಯದಲ್ಲಿ ಒಂದು ಸಂಜೆ ನಿಲ್ಲುತ್ತವೆ. ಅಲ್ಲಿ ಚಹಾ ಕುಡಿದು ಉಳಿದ ಚಿಲ್ಲರೆ ಈ ಹುಡುಗನ ಡಬ್ಬಿ ಸೇರುತ್ತದೆ. ಆ ಬಂದರಿನಲ್ಲಿ ಇಳಿದು ಖರ್ಚುಮಾಡಿಬಿಡೋಣವೆಂದರೆ ಆ ಹೊತ್ತಿಗೆ ಅವನಿಗೆ ಬಿಡುವಿರುವುದಿಲ್ಲ.

ಹಾಗಾದರೆ ಏನು ಕೊಟ್ಟರೆ ಅನುಕೂಲವೆಂದು ಕೇಳಿದೆವು. ಇಂತಹ ಹಡಗಿನ ಲೆಕ್ಕವೆಲ್ಲ ಅಮೆರಿಕದ ಡಾಲರಿನಲ್ಲಿ. ಆ ನೋಟು ಯಾವ ಬಂದರಿನಲ್ಲಿಯೂ, ಊರಿಗೆ ಹೋದ ಮೇಲೂ ನಡೆಯುತ್ತದೆ. ಯುರೋಪಿನ ಕಡಲಿನಲ್ಲಿ ಯೂರೋ ನೋಟೂ ಆದೀತು. ಅದರಲ್ಲಿಯೂ ಒಂದು ಸೂಕ್ಷ್ಮವುಂಟು: ಮನಿಲಾ, ಜಕಾರ್ತಗಳ ಅಂಗಡಿಗಳಲ್ಲಿ ಮಡಿಕೆ ಬಿದ್ದ, ಕಲೆಯಾದ, ಹಳೆಯ ಡಾಲರಿಗೆ ಬೆಲೆ ಇಳಿಸುತ್ತಾರೆ, ಸಣ್ಣ ನೋಟಿಗೂ ದರ ಕಡಿಮೆ. ಬಂದರಿನಲ್ಲಿ ಚಹಾಕ್ಕೋ ಮನೆಗೆ ಮಾತಾಡುವುದಕ್ಕೋ ಆದರೆ ಒಂದರ, ಐದರ ನೋಟುಗಳೇ ಸರಿ. ಊರಿಗೆ ಒಯ್ಯುವುದಕ್ಕೆ ಗರಿಗರಿಯಾದ ಇಪ್ಪತ್ತರ ನೋಟು. ಇದನ್ನೆಲ್ಲ ಅವನು ಬೇಡಿಕೆಯಂತೆ ಹೇಳಲಿಲ್ಲ, ನಾವು ಕೇಳಿದ್ದಕ್ಕೆ ಲೋಕವಾರ್ತೆ ಹೇಳುವಂತೆ ಹೇಳಿದನು.

ಕೆಚಿಕನ್ ಊರಿನಲ್ಲಿ ಮಳೆ. ಅಲ್ಲಿ ಟ್ಲಿಂಗಿಟ್ ಜನರ ಕೆತ್ತನೆಯ ಮರದ ಕಂಬಗಳಿವೆ. ಆ ಕರಾವಳಿಯ ಮೂಲನಿವಾಸಿಗಳಲ್ಲಿ ಪಾಟ್‌ಲ್ಯಾಚ್ ಎಂಬ ಉತ್ಸವವುಂಟು. ಹಬ್ಬ ಮಾಡುವ ಮನೆತನವು ಬಂದವರಿಗೆಲ್ಲ ಉಣಬಡಿಸಿ, ಕಂಬಳಿ ಮುಂತಾದುವನ್ನು ಹಂಚಿ, ಕೂಡಿಟ್ಟುದನ್ನು ಬರಿದು ಮಾಡಿಕೊಳ್ಳುತ್ತದೆ. ಕೊಟ್ಟವನಿಗೆ ಹಿರಿಮೆ, ಇಟ್ಟುಕೊಂಡವನಿಗಲ್ಲ. ಕೆನಡಾ ಸರಕಾರ 1885ರಿಂದ 1951ರವರೆಗೆ ಇದನ್ನು ಕಾನೂನಿನಿಂದ ನಿಷೇಧಿಸಿತ್ತು. ಹಂಚುವುದೂ ಅಪರಾಧವಾದ ಕಾಲವೊಂದಿತ್ತೆಂದು ನಮಗೆ ಆಶ್ಚರ್ಯವಾಯಿತು. ಇವರ ಕಂಬಳಿಯ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಚಳಿಯ ನಾಡಿನಲ್ಲಿ ಕೊಡುವುದಕ್ಕೆ ಕಂಬಳಿಗಿಂತ ತಕ್ಕದ್ದು ಏನಿದೆ?

ಇಷ್ಟೆಲ್ಲ ಕೇಳಿ ತಿಳಿದ ನಾವೇ ತಪ್ಪಿದೆವು. ಕಡೆಯ ರಾತ್ರಿ ಅಳಿಯನು ಕೊಟ್ಟಿದ್ದ ಡಾಲರುಗಳೆಲ್ಲ ಖರ್ಚಾಗಿದ್ದವು. ಅವನನ್ನು ಎಬ್ಬಿಸಿ ಕೇಳಲು ಸಂಕೋಚ. ಚೀಲದ ತಳದಲ್ಲಿ ಊರಿನಿಂದ ತಂದಿದ್ದ ಐನೂರು ರೂಪಾಯಿಯ ನಾಲ್ಕು ನೋಟುಗಳಿದ್ದವು. ರೂಪಾಯಿಯನ್ನು ಅಲ್ಲಿನ ಅಂಗಡಿಗಳಲ್ಲಿ ಬದಲಿಸುವುದು ಕಷ್ಟವೆಂಬುದು ಗೊತ್ತಿತ್ತು. ಆದರೆ ಇವನು ನಮ್ಮವನೇ, ಫೆಬ್ರವರಿಯಲ್ಲಿ ಊರಿಗೆ ಹೋಗುವವನೇ, ಇವನಿಗೆ ರೂಪಾಯಿ ಪರದೇಶದ ಹಣವೇ? ನಮ್ಮ ನಾಡಿನ ದುಡ್ಡನ್ನು ನಮ್ಮ ನಾಡಿನ ಹುಡುಗನಿಗೆ ಕೊಡುವುದೇ ಹೆಚ್ಚಿನ ಪ್ರೀತಿಯೆಂದು ಬಗೆದೆವು. ಬೆಳಿಗ್ಗೆ ಅವನ ಕೈಯಲ್ಲಿಟ್ಟಾಗ ಅವನು ಕಣ್ಣಿಗೊತ್ತಿಕೊಂಡು, ನಮ್ಮ ಕಾಲು ಮುಟ್ಟಿದನು.

ಆ ವರ್ಷ ನವೆಂಬರ್ 8ರ ರಾತ್ರಿ ಎಂಟು ಗಂಟೆಯ ಸುದ್ದಿ ಯಾರಿಗೆ ಮರೆತಿದೆ? ಐನೂರು, ಸಾವಿರದ ನೋಟುಗಳು ಅಂದಿನ ನಡುರಾತ್ರಿಗೆ ನಿಂತುಹೋದವು. ಊರಿನ ಬ್ಯಾಂಕಿನ ಮುಂದೆ ನಾವೂ ಸಾಲಿನಲ್ಲಿ ನಿಂತೆವು. ಮನೆಯ ಹಣ, ಪುರಾಣ ಸಮಿತಿಯ ಹಣ, ಹುಂಡಿಯ ಹಣ ಎಲ್ಲವನ್ನೂ ನೆನೆದೆವು. ಹಡಗಿನ ಆ ನಾಲ್ಕು ನೋಟುಗಳು ನೆನಪಾದದ್ದು ಹನ್ನೊಂದು ದಿನಗಳ ಮೇಲೆ, ಅದೂ ಪೂಜೆಗೆ ನೀರು ತುಂಬುವಾಗ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇವೆ.

ಅಳಿಯನು ವಿಚಾರಿಸಿ ತಿಳಿಸಿದನು. ಹುಡುಗ ಕೆರಿಬಿಯನ್ ಕಡಲಿನಲ್ಲಿದ್ದನು. ಆ ದಿನಗಳಲ್ಲಿ ಪರದೇಶದಲ್ಲಿದ್ದವರಿಗೆ 2017ರ ಮಾರ್ಚ್ 31ರವರೆಗೆ, ಅನಿವಾಸಿಗಳಿಗೆ ಜೂನ್ 30ರವರೆಗೆ ಅವಕಾಶವೇನೋ ಇತ್ತು. ಆದರೆ ವಿಮಾನ ಇಳಿದೊಡನೆ ಸುಂಕದವರ ಮುಂದೆ ನೋಟುಗಳನ್ನು ತೋರಿಸಿ ಚೀಟಿ ಪಡೆದಿರಬೇಕು, ಆಮೇಲೆ ರಿಸರ್ವ್ ಬ್ಯಾಂಕಿನ ಐದು ಕಚೇರಿಗಳಲ್ಲಿ ಒಂದಕ್ಕೆ ಹೋಗಬೇಕು: ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈ, ನಾಗಪುರ. ಎರಡು ಸಾವಿರ ರೂಪಾಯಿಗಾಗಿ ಕಾರವಾರದಿಂದ ಮುಂಬಯಿಗೆ ಹೋಗಿ ಬರುವ ಖರ್ಚೆಷ್ಟು, ಒಂಬತ್ತು ತಿಂಗಳ ಮೇಲೆ ತಾಯಿಯ ಬಳಿ ಸಿಕ್ಕಿದ ದಿನಗಳಲ್ಲಿ ಎರಡು ಮೂರು ಕಳೆಯುವುದೆಂದರೇನು? ಅವನು ಹೋಗಲಿಲ್ಲ. ಅಂತೂ ನಾವು ಕೊಟ್ಟದ್ದೂ ಬಿಸ್ಕತ್ತಿನ ಡಬ್ಬಿಯನ್ನೇ ಸೇರಿತು. ಬ್ಯಾಂಕಿನ ಮೂಲಕ ಕಳಿಸುತ್ತೇವೆಂದರೆ ಖಾತೆಯ ಸಂಖ್ಯೆ ಕೊಡಲೊಲ್ಲನು. "ತಾವು ಕೊಟ್ಟಿರಿ, ನನಗೆ ಬಂತು" ಎಂಬ ಒಂದೇ ಮಾತು.

ಆಯ್ದಕ್ಕಿ ಮಾರಯ್ಯನು ತಂದ ಅಕ್ಕಿಯನ್ನು ಲಕ್ಕಮ್ಮ ನೋಡಿ, ಹೆಚ್ಚಾಯಿತೆಂದು ಹಿಂದಕ್ಕೆ ಕಳಿಸಿದ ಕಥೆಯನ್ನು ನಾವು ಎಷ್ಟು ಸಭೆಗಳಲ್ಲಿ ಹೇಳಿಲ್ಲ! ತಂದವನ ಭಾವವನ್ನಲ್ಲ, ತಂದ ವಸ್ತುವನ್ನು ಆಕೆ ನೋಡಿದಳು. ನಾವು ನಮ್ಮ ಭಾವವನ್ನಷ್ಟೇ ನೋಡಿಕೊಂಡಿದ್ದೆವು. ಈಗ ಅಮೆರಿಕದ ಮಕ್ಕಳನ್ನು ಕಾಣಲು ಹೋಗುವ ಭಕ್ತರು ಹಡಗಿನ ಪ್ರವಾಸದ ಮಾತೆತ್ತಿದರೆ, ಮೊದಲೇ ಬ್ಯಾಂಕಿನಲ್ಲಿ ಹೊಸ ಡಾಲರ್ ನೋಟುಗಳನ್ನು ಕೇಳಿ ಪಡೆದು ಬೇರೆ ಲಕೋಟೆಯಲ್ಲಿಡಿ, ಅದಕ್ಕೆ ಕೈಹಾಕಬೇಡಿ ಎನ್ನುತ್ತೇವೆ.

2018ರ ಬೇಸಗೆಯಲ್ಲಿ ರಜೆಗೆ ಬಂದಿದ್ದ ಹುಡುಗ ತಾಯಿಯನ್ನು ಕರೆದುಕೊಂಡು ನಮ್ಮೂರಿಗೆ ಬಂದನು. ಅಂದು ಮನೆಯಲ್ಲಿ ನಾವೇ ಎಲೆ ಹಾಕಿ ಬಡಿಸಿದೆವು. ಅವನು ಎದ್ದೆದ್ದು ನೀರಿನ ತಂಬಿಗೆಗೆ ಕೈಹಾಕಲು ಬರುತ್ತಿದ್ದನು, ಗದರಿಸಿ ಕೂರಿಸಬೇಕಾಯಿತು. ಹೊರಡುವಾಗ ಆ ತಾಯಿಯ ಕೈಯಲ್ಲಿ ಒಂದು ಲಕೋಟೆ ಇಟ್ಟೆವು. ಆಕೆ ತೆರೆಯದೆ ಸೆರಗಿಗೆ ಕಟ್ಟಿಕೊಂಡಳು. ಹುಡುಗ ಮಾತ್ರ ಮೆಟ್ಟಿಲಿಳಿಯುತ್ತ ತಿರುಗಿ ನಿಂತು, ನಗೆ ತಡೆಯಲಾರದೆ, "ಗುರುಗಳೇ, ಇವು ನಡೆಯುವ ನೋಟುಗಳು ತಾನೇ?" ಎಂದನು.