‘ಸೇವ್ ಮಾಡಬೇಡ’ ಅಂತ ಬರೆಯುವ ಕೆಲಸ

ನಿಮ್ಮೂರಿನ ಡಿಟಿಪಿ ಅಂಗಡಿಯಲ್ಲೋ ಪ್ರೆಸ್ಸಿನಲ್ಲೋ ಬಟ್ಟೆ ಹೊದಿಸಿ ಮೂಲೆಗಿಟ್ಟ ಹಳೇ ಕಂಪ್ಯೂಟರ್ ಇದ್ದರೆ, ಅದನ್ನು ಗುಜರಿಗೆ ಹಾಕುವ ಮುಂಚೆ ಇದನ್ನೊಮ್ಮೆ ಓದಿ.

ಕಮ್ಮನಹಳ್ಳಿಯ ಒಂದು ಸಣ್ಣ ಆಫೀಸಿನಲ್ಲಿ ನನ್ನ ಕೆಲಸ ಸಾಫ್ಟ್‌ವೇರ್‌ಗಳಿಗೆ ಕೈಪಿಡಿ ಬರೆಯುವುದು. ಪತ್ರಿಕೋದ್ಯಮ ಓದಿ ಇದೇನು ಅಂತ ಊರಲ್ಲಿ ಕೇಳುತ್ತಾರೆ. (ಸರ್ವಜ್ಞನ ಹೆಸರಿನ ಕ್ಷೇತ್ರದಲ್ಲಿ ಕೂತು, ಮೂರು ಸಾಲಿನಲ್ಲಿ ಮುಗಿಯುವುದನ್ನು ಮೂವತ್ತು ಪುಟ ಮಾಡುತ್ತೀಯಲ್ಲ ಅಂತ ರೂಮಿನ ಗೆಳೆಯ ರೇಗಿಸುತ್ತಾನೆ.) ಈಗ ಬರೆಯುತ್ತಿರುವುದು, ಹಳೇ ಕಂಪ್ಯೂಟರನ್ನು ಎಐ ಏಜೆಂಟ್ ನಡೆಸುವಂತೆ ಮಾಡುವ ಸಲಕರಣೆಗಳ ಬಗ್ಗೆ. ಏಜೆಂಟ್ ಅಂದರೆ ಬರೀ ಉತ್ತರ ಹೇಳುವ ಎಐ ಅಲ್ಲ, ಒಪ್ಪಿಸಿದ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ತಾನೇ ಮಾಡುವಂಥದ್ದು.

ಹಳೇ ಕಂಪ್ಯೂಟರ್‌ನಿಂದ ಏನಾಗಬೇಕು? ನಮ್ಮ ತಾಲ್ಲೂಕಿನ ವಾರಪತ್ರಿಕೆಯ ಸಂಪಾದಕರೊಬ್ಬರ ಬಳಿ ವಿಂಡೋಸ್ 98 ಇರುವ ಯಂತ್ರವಿದೆ. ಅದರಲ್ಲಿ ಆರುನೂರಕ್ಕೂ ಹೆಚ್ಚು ಸಂಚಿಕೆಗಳು ಪೇಜ್‌ಮೇಕರ್ ಫೈಲುಗಳಾಗಿ ಕೂತಿವೆ. ಕೊಬ್ಬರಿ ದರ, ಕೆರೆ ಕೋಡಿ ಬಿದ್ದ ದಿನ, ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಯಾರು ಗೆದ್ದರು, ಎಲ್ಲ. ಮುದ್ರಿತ ಪ್ರತಿಗಳಲ್ಲಿ ಅರ್ಧ ಗೆದ್ದಲಿನ ಪಾಲು. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ, 7.0, ಬಂದದ್ದು 2001ರಲ್ಲಿ. ಅಡೋಬ್‌ನ ಈಗಿನ ಇನ್‌ಡಿಸೈನ್ ಆ ಫೈಲುಗಳನ್ನು ತೆರೆಯುವುದೇ ಇಲ್ಲ. ಆ ಹಳೇ ಪೇಜ್‌ಮೇಕರ್‌ನಲ್ಲೇ ಒಂದೊಂದಾಗಿ ತೆರೆದು, ಪಠ್ಯವನ್ನು ಹೊರಗೆ ತೆಗೆಯಬೇಕು. ಆರುನೂರು ಸಲ. ಇದು ಏಜೆಂಟ್‌ಗೆ ಒಪ್ಪಿಸಬಹುದಾದ ಕೆಲಸ.

ಮೊದಲು ಹಾರ್ಡ್‌ಡಿಸ್ಕಿನ ಪೂರ್ತಿ ನಕಲು ತೆಗೆದು, ಅಸಲನ್ನು ಬೀರುವಿನಲ್ಲಿಡುತ್ತೇವೆ. ನಕಲನ್ನು ಕ್ಯೂಎಮು ಎಂಬ ಎಮ್ಯುಲೇಟರ್‌ನಲ್ಲಿ ಓಡಿಸುತ್ತೇವೆ. ಅದು ಹೊಸ ಕಂಪ್ಯೂಟರ್‌ನೊಳಗೇ ಒಂದು ಹಳೇ ಕಂಪ್ಯೂಟರಿನ ವೇಷ ಕಟ್ಟುತ್ತದೆ. ಪರದೆಯ ಚಿತ್ರ ತೆಗೆ, ಈ ಕೀ ಒತ್ತು, ಈಗಿನ ಸ್ಥಿತಿಯನ್ನು ಹಾಗೇ ಉಳಿಸಿಡು ಅಂತೆಲ್ಲ ಅದಕ್ಕೆ ಹೊರಗಿನಿಂದ ಆಜ್ಞೆ ಕೊಡಬಹುದು. ಏಜೆಂಟ್ ಚಿತ್ರ ನೋಡುತ್ತದೆ, ಕೀ ಒತ್ತುತ್ತದೆ, ಮತ್ತೆ ನೋಡುತ್ತದೆ.

ಈ ಆಜ್ಞೆಗಳನ್ನು ಏಜೆಂಟ್‌ಗೆ ಜೋಡಿಸಲು ಎಂಸಿಪಿ ಎಂಬ ನಿಯಮಾವಳಿ ಇದೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಹೊರತಂದದ್ದು. ಅದರಲ್ಲಿ ಪ್ರತಿ ಸಲಕರಣೆಗೂ ಒಂದು ಹೆಸರು, ಒಂದು ವಿವರಣೆ. ಆ ವಿವರಣೆ ಓದಿಯೇ ಏಜೆಂಟ್ ಯಾವುದನ್ನು ಯಾವಾಗ ಬಳಸಬೇಕೆಂದು ತೀರ್ಮಾನಿಸುತ್ತದೆ. ಅಂದರೆ ನಾನು ಬರೆದದ್ದನ್ನು ಓದುವವನೇ ಕೆಲಸಕ್ಕೂ ಇಳಿಯುತ್ತಾನೆ. ಮನುಷ್ಯ ಓದುಗನಾದರೆ ಅರ್ಥವಾಗದಾಗ ತಲೆ ಕೆರೆದುಕೊಂಡು ನಿಲ್ಲುತ್ತಾನೆ. ಏಜೆಂಟ್ ನಿಲ್ಲುವ ಖಾತ್ರಿಯಿಲ್ಲ, ಬಿಟ್ಟ ಜಾಗವನ್ನು ಊಹೆಯಿಂದ ತುಂಬಿಕೊಂಡು ಮುಂದೆ ಹೋಗಬಹುದು. ‘ಇದು ಅಳಿಸುವ ಆಜ್ಞೆ, ಜೋಕೆ’ ಅಂತ ಗುರುತು ಹಾಕಲು ಎಂಸಿಪಿಯಲ್ಲಿ ಅವಕಾಶವಿದೆ. ಆದರೆ ಅದು ಸೂಚನೆ ಅಷ್ಟೇ, ಬೀಗವಲ್ಲ. ವಿಂಡೋಸ್ 98ರಲ್ಲಿ ನೀನು ಯಾರು ಅಂತ ಕೇಳುವ ಕಾವಲುಗಾರನೂ ಇಲ್ಲ. ಕೀಲಿಮಣೆ ಯಾರ ಕೈಲಿದೆಯೋ ಅವನೇ ಯಜಮಾನ.

ಕನ್ನಡದ ತೊಡಕು ಬೇರೆಯೇ. ಕನ್ನಡ ಲಿಪಿ ಯೂನಿಕೋಡ್‌ಗೆ 1991ರಲ್ಲೇ ಸೇರಿತ್ತು. ಪೇಜ್‌ಮೇಕರ್‌ಗೆ ಮಾತ್ರ ಯೂನಿಕೋಡ್ ಗೊತ್ತಿರಲಿಲ್ಲ. ಹಾಗಾಗಿ ನುಡಿ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಫಾಂಟ್ ಇಲ್ಲದೆ ಫೈಲ್ ತೆರೆದರೆ ಕಾಣುವುದು ಮೇಲೆ ಕೆಳಗೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಗಲಿಬಿಲಿ. ಏಜೆಂಟ್ ಕಣ್ಣಿಗೆ ಅದು ಕೆಟ್ಟುಹೋದ ಫೈಲ್. ಕೆಟ್ಟದ್ದನ್ನು ಅಳಿಸು ಅಂತ ಎಲ್ಲಾದರೂ ಒಂದು ಸಾಲಿದ್ದರೆ ಮುಗಿಯಿತು.

ಇನ್ನೂ ಒಂದು ಅಪಾಯವಿದೆ. ಫಾಂಟ್ ಸಿಗದಿದ್ದಾಗ ಪೇಜ್‌ಮೇಕರ್ ಬದಲಿ ಫಾಂಟ್ ತೋರಿಸಿ ಒಪ್ಪಿಗೆ ಕೇಳುತ್ತದೆ. ಒಪ್ಪಿ ಸೇವ್ ಮಾಡಿಬಿಟ್ಟರೆ ಹಳೇ ಫಾಂಟಿನ ಹೆಸರೇ ಹೋಗಿಬಿಡಬಹುದು. ನುಡಿಯಲ್ಲಿ ಒಂದು ಅಕ್ಷರವಾಗಿರುವ ಸಂಕೇತ ಶ್ರೀಲಿಪಿಯಲ್ಲಿ ಇನ್ನೊಂದಾಗಿರುತ್ತದೆ. ಹೆಸರು ಹೋದರೆ ಬೀಗವಿದ್ದೂ ಕೀಲಿಕೈ ಕಳೆದಂತೆ. ಅದಕ್ಕೇ ನನ್ನ ಕೈಪಿಡಿಯಲ್ಲಿ ದಪ್ಪಕ್ಷರದ ಸಾಲುಗಳು ಇವು: ಫಾಂಟ್ ಪ್ರಶ್ನೆ ಬಂದರೆ ನಿಲ್ಲು, ಚಿತ್ರ ತೆಗೆದು ಮನುಷ್ಯರಿಗೆ ಕಳಿಸು. ಮುಚ್ಚುವಾಗ ಸೇವ್ ಮಾಡಬೇಡ. ಪರದೆಯ ಚಿತ್ರ ನೋಡಿ ಪಠ್ಯ ಬರೆಯಬೇಡ, ಫೈಲಿನಿಂದಲೇ ತೆಗೆ.

ಕೊನೆಯ ಸಾಲಿಗೆ ಆಫೀಸಿನಲ್ಲಿ ವಾದವೇ ನಡೆಯಿತು. ಏಜೆಂಟ್ ಚಿತ್ರದಲ್ಲಿರುವ ಕನ್ನಡ ಓದುತ್ತದಲ್ಲ, ಸುಲಭವಲ್ಲವೇ ಅಂದರು. ಓದುತ್ತದೆ, ಓದಲಾಗದ ಕಡೆ ಸೊಗಸಾಗಿ ಊಹಿಸಲೂಬಹುದು. ಹಳ್ಳಿಯ ಹೆಸರು, ಸತ್ತವರ ಹೆಸರು, ದರದ ಅಂಕಿ ಹೀಗೆ ಊಹೆಯಾಗಿ ಬಂದರೆ ಅದು ಸುದ್ದಿಯಲ್ಲ. ನಾನು ಬಗ್ಗಲಿಲ್ಲ. ಫೈಲಿನಿಂದ ತೆಗೆದದ್ದನ್ನು ಯೂನಿಕೋಡ್‌ಗೆ ತಿರುಗಿಸುವುದೂ ಸಲೀಸಲ್ಲ. ನುಡಿ ಫಾಂಟಿನ ಹಳೇ ಪಠ್ಯದಲ್ಲಿ ‘ಕರ್ನಾಟಕ’ದ ಅರ್ಕಾವತ್ತು, ಕಣ್ಣಿಗೆ ಕಾಣುವಂತೆಯೇ, ‘ನಾ’ ಆದ ಮೇಲೆ ಕೂತಿರುತ್ತದೆ. ಅದನ್ನು ಹಿಂದಕ್ಕೆ ಜರುಗಿಸಬೇಕು. ಆದರೂ ಅದು ಲೆಕ್ಕದ ಕೆಲಸ, ತಪ್ಪಾದರೆ ಎಲ್ಲಿ ಅಂತ ಹುಡುಕಬಹುದು.

ಮೊನ್ನೆ ಏಜೆಂಟ್ ನಲವತ್ತೊಂದನೇ ಫೈಲಿನಲ್ಲಿ ನಿಂತಿತು. ಫಾಂಟ್ ಇಲ್ಲ ಅನ್ನುವ ಪ್ರಶ್ನೆಯ ಚಿತ್ರವನ್ನು ಸಂಪಾದಕರಿಗೆ ವಾಟ್ಸಾಪ್ ಮಾಡಿದೆ. ಐದೇ ನಿಮಿಷಕ್ಕೆ ಫೋನ್ ಬಂತು.

“ಅದಾ? ಆ ವರ್ಷ ನಮ್ಮ ಆಪರೇಟರ್ ಹುಡುಗ ಕೆಲಸ ಬಿಟ್ಟಿದ್ದ ಕಣಪ್ಪಾ, ನಾಲ್ಕು ತಿಂಗಳು ಬೇರೆ ಪ್ರೆಸ್ಸಿನಲ್ಲಿ ಪೇಜ್ ಮಾಡಿಸ್ತಿದ್ವಿ. ಅವರದು ಶ್ರೀಲಿಪಿ. ಫ್ಲಾಪಿ ಇರಬೇಕು, ಅಟ್ಟದ ಮೇಲೆ ನೋಡ್ತೀನಿ ತಾಳು.”