ಹೆಸರು ಬದಲಾದರೂ ಗುರುತು ಸಿಗುವುದು ಹೇಗೆ? – ಹುನ್ನೂರಿನ ಒಂದು ಪಾಠಾನುಭವ

ಬೋಧನಾಭ್ಯಾಸಕ್ಕೆಂದು ಹುನ್ನೂರಿನ ಪ್ರೌಢಶಾಲೆಗೆ ಹೋಗಿದ್ದ ನಾವು ಐದು ಜನ ಪ್ರಶಿಕ್ಷಣಾರ್ಥಿಗಳು ನಮ್ಮ ಪಾಠಯೋಜನೆಗಳನ್ನೆಲ್ಲ ಗಿಟ್ ಎಂಬ ತಂತ್ರಾಂಶದಲ್ಲಿ ಇಡುತ್ತಿದ್ದೆವು. ಒಬ್ಬರು ಬರೆದ ಯೋಜನೆಯನ್ನು ಇನ್ನೊಬ್ಬರು ತಿದ್ದುವುದು, ಮಾರ್ಗದರ್ಶಕ ಶಿಕ್ಷಕರ ಸೂಚನೆಗಳನ್ನು ಸೇರಿಸುವುದು, ಯಾರು ಯಾವಾಗ ಯಾವ ಸಾಲು ಬದಲಿಸಿದರೆಂದು ಹಿಂತಿರುಗಿ ನೋಡುವುದು ಇದರಲ್ಲಿ ಸುಲಭ. ಕಡತದ ಪ್ರತಿಯೊಂದು ಹಂತವೂ ಉಳಿಯುತ್ತದೆ. ಆದರೆ ‘ಬೆಳಕು-1’ ಎಂಬ ಕಡತಕ್ಕೆ ‘ಬೆಳಕಿನ ಪ್ರತಿಫಲನ’ ಎಂದು ಹೆಸರಿಟ್ಟರೆ, ಹಳೆಯ ಹೆಸರಿನಲ್ಲಿದ್ದ ತಿದ್ದುಪಡಿಗಳ ಚರಿತ್ರೆ ಹೊಸ ಹೆಸರಿಗೆ ಹಿಂಬಾಲಿಸಿ ಬರುತ್ತದೆಯೇ? ಈ ಪ್ರಶ್ನೆಯನ್ನೇ ಒಂದು ಬಿಡುವಿನ ಅವಧಿಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳ ಮುಂದಿಟ್ಟೆ. ಆ ಚಟುವಟಿಕೆಯ ವಿವರ ಮತ್ತು ಅದರಿಂದ ಹೊರಟ ಕೆಲವು ವಿಚಾರಗಳು ಈ ಬರಹದಲ್ಲಿವೆ.

ಮೊದಲು ವಿಷಯದ ಹಿನ್ನೆಲೆ. ಸಿವಿಎಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಪ್ರತಿ ಕಡತದ ಚರಿತ್ರೆಯೂ ಅದರ ಹೆಸರಿಗೇ ಅಂಟಿಕೊಂಡಿರುತ್ತಿತ್ತು. ಹೆಸರು ಬದಲಿಸಲು ಅಲ್ಲಿ ನೇರ ದಾರಿ ಇರಲಿಲ್ಲ. ಹಳೆಯದನ್ನು ತೆಗೆದು ಹೊಸದನ್ನು ಸೇರಿಸಬೇಕಿತ್ತು. ಹೊಸ ಕಡತ ಹಿಂದುಮುಂದಿಲ್ಲದೆ ಹುಟ್ಟಿದಂತೆ ಕಾಣುತ್ತಿತ್ತು. ನಂತರ ಬಂದ ಸಬ್‌ವರ್ಷನ್ ‘ಇದು ಅದರ ನಕಲು’ ಎಂದು ಬರೆದಿಟ್ಟು, ಆಮೇಲೆ ಹಳೆಯದನ್ನು ಅಳಿಸುತ್ತದೆ. ಮರ್ಕ್ಯೂರಿಯಲ್ ಕೂಡ ಹೆಸರು ಬದಲಾದದ್ದನ್ನು ದಾಖಲಿಸಿಕೊಳ್ಳುತ್ತದೆ. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಆರಂಭಿಸಿದ ಗಿಟ್ ಮಾತ್ರ ಬೇರೆ ದಾರಿ ಹಿಡಿಯಿತು. ಹೆಸರು ಬದಲಾಯಿತೆಂದು ಅದು ಎಲ್ಲಿಯೂ ಬರೆದಿಡುವುದೇ ಇಲ್ಲ. ಕಡತದ ಒಳಗಿನ ಬರಹವನ್ನು ಲೆಕ್ಕ ಹಾಕಿ 40 ಅಕ್ಷರ-ಅಂಕಿಗಳ ಒಂದು ಗುರುತು ಕೊಡುತ್ತದೆ. ಹೆಸರು ಇನ್ನೊಂದು ಪಟ್ಟಿಯಲ್ಲಿರುತ್ತದೆ. ನಾವು ಚರಿತ್ರೆ ಕೇಳಿದಾಗ ಮಾತ್ರ, ಕಾಣೆಯಾದ ಕಡತಗಳನ್ನೂ ಹೊಸದಾಗಿ ಬಂದ ಕಡತಗಳನ್ನೂ ಎದುರುಬದುರು ಇಟ್ಟು ಹೋಲಿಸಿ, ‘ಇದು ಅದೇ ಇರಬೇಕು’ ಎಂದು ಊಹಿಸುತ್ತದೆ.

ಇದನ್ನು ಕಪ್ಪು ಹಲಗೆಯ ಮೇಲೆ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ. ಹಾಗಾಗಿ ಹತ್ತು ಸಾಲಿನ ಆರು ಹಾಳೆಗಳನ್ನು ತಯಾರಿಸಿದ್ದೆ. ಪ್ರತಿ ಹಾಳೆಗೂ ಒಂದು ತಲೆಬರಹ: ಕಬ್ಬು, ಜೋಳ, ಕೃಷ್ಣಾ ನದಿ, ಇತ್ಯಾದಿ. ಇವು ಹಳೆಯ ಹಾಳೆಗಳು. ಇನ್ನೊಂದು ಕಟ್ಟಿನಲ್ಲಿ ತಲೆಬರಹ ಬದಲಾದ ಆರು ಹೊಸ ಹಾಳೆಗಳು. ಯಾವ ಹೊಸ ಹಾಳೆ ಯಾವ ಹಳೆಯ ಹಾಳೆಯಿಂದ ಬಂದಿದೆ ಎಂದು ಗುಂಪುಗಳು ಪತ್ತೆ ಹಚ್ಚಬೇಕು. ನಿಯಮ ಇಷ್ಟೇ: ಒಂದೇ ತೆರನಾದ ಸಾಲುಗಳನ್ನು ಎಣಿಸಿ, ಹತ್ತರಲ್ಲಿ ಐದಾದರೂ ಕೂಡಿದರೆ ಅದೇ ಹಾಳೆ, ಇಲ್ಲದಿದ್ದರೆ ಹಳೆಯದು ಹೋಯಿತು, ಹೊಸದು ಹುಟ್ಟಿತು. ಗಿಟ್‌ನ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದುದು. ಆದರೂ ನಾವು ಬೇರೇನೂ ಹೇಳದಿದ್ದರೆ ಅದು ಇಟ್ಟುಕೊಳ್ಳುವ ಗೆರೆ ಶೇಕಡಾ 50 ಎಂಬುದು ನಿಜ.

ಒಂದು ಸಾಲೂ ಬದಲಾಗದ ಎರಡು ಹಾಳೆಗಳು ತಕ್ಷಣ ಸಿಕ್ಕವು. ಗಿಟ್ ಕೂಡ ಇಂಥವನ್ನು ಮೊದಲು ತೆಗೆದು ಪಕ್ಕಕ್ಕಿಡುತ್ತದೆ. ಗುರುತು ಒಂದೇ ಆದ್ದರಿಂದ ಓದಿ ಹೋಲಿಸುವ ಕೆಲಸವೇ ಇಲ್ಲ. ಹೀಗೆ ತೆಗೆದಿಟ್ಟರೆ ಏನು ಉಳಿತಾಯ ಎಂದು ಕೇಳಿದೆ. ಆರಕ್ಕೆ ಆರು ಹೋಲಿಸಿದರೆ 36 ಸಲ, ನಾಲ್ಕಕ್ಕೆ ನಾಲ್ಕಾದರೆ 16 ಸಲ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಮೂರು ಸಾಲು ಬದಲಾಗಿದ್ದ ಹಾಳೆಯೂ ಸುಲಭವಾಗಿ ಸಿಕ್ಕಿತು: ಶೇಕಡಾ 70. ಆರು ಸಾಲು ಬದಲಾಗಿದ್ದ ಹಾಳೆಯ ಮುಂದೆ ಜಗಳ ಶುರುವಾಯಿತು. “ಸರ್, ಇದು ಕಬ್ಬಿನ ಹಾಳೀನ ಐತ್ರಿ, ನೋಡಿದ್ರ ಗೊತ್ತಾಗತೈತಿ” ಎಂದು ಒಬ್ಬ. “ನಾಲ್ಕ ಸಾಲ ಅಷ್ಟ ಕೂಡ್ಯಾವು, ನಿಯಮದಾಗ ಬರೂದಿಲ್ಲ” ಎಂದು ಇನ್ನೊಬ್ಬಳು. ಇಬ್ಬರೂ ಹೇಳಿದ್ದು ಸರಿ. ಗೆರೆಯನ್ನು 40ಕ್ಕೆ ಇಳಿಸಿದರೆ ಈ ಹಾಳೆ ಸಿಗುತ್ತದೆ. ಗಿಟ್‌ನಲ್ಲೂ ಹಾಗೆ ಇಳಿಸಬಹುದು. ಆದರೆ ಇಳಿಸಿದಂತೆಲ್ಲ ಸಂಬಂಧವಿಲ್ಲದ ಹಾಳೆಗಳೂ ನೆಂಟರಾಗುತ್ತವೆ. ಗೆರೆ ಎಂಬುದು ನಾವು ಒಪ್ಪಿಕೊಂಡದ್ದು, ಪ್ರಕೃತಿ ಎಳೆದದ್ದಲ್ಲ ಎಂಬ ಮಾತು ಆ ಜಗಳದಿಂದಲೇ ಹೊರಬಂತು.

ಆರನೆಯ ಹಾಳೆಯಲ್ಲಿ ಬೇಕೆಂದೇ ಒಂದು ತೊಡಕು ಇಟ್ಟಿದ್ದೆ. ಹತ್ತರಲ್ಲಿ ಆರು ಸಾಲು ಬರೀ ನಮೂನೆ: ಬೆಳೆಯ ಹೆಸರು, ಮಣ್ಣು, ನೀರು, ಕಾಲ ಎಂಬ ಶೀರ್ಷಿಕೆಗಳು. ಒಳಗಿನ ವಿಷಯ ಪೂರ್ತಿ ಬೇರೆಯದಾದರೂ ಶೇಕಡಾ 60 ಹೋಲಿಕೆ ಬಂದು, ಗೋವಿನಜೋಳದ ಹಾಳೆಯು ಜೋಳದ ಹಾಳೆಯ ಮಗುವಾಯಿತು. ನಮ್ಮ ಪಾಠಯೋಜನೆಗಳಿಗೂ ಇದು ಅನ್ವಯಿಸುತ್ತದೆ. ಎಲ್ಲ ಯೋಜನೆಗಳ ನಮೂನೆಯೂ ಒಂದೇ ಆಗಿರುವುದರಿಂದ, ಚಿಕ್ಕ ಕಡತವಾದರೆ, ಶಬ್ದದ ಪಾಠವೇ ಹೆಸರು ಬದಲಿಸಿ ಬೆಳಕಿನ ಪಾಠವಾಯಿತೆಂದು ಯಂತ್ರ ತಿಳಿಯಬಹುದು. ಹೊರಗಿನ ಚೌಕಟ್ಟು ನೋಡಿ ಒಳಗಿನದನ್ನು ತೀರ್ಮಾನಿಸುವ ಅಪಾಯ ಯಂತ್ರಕ್ಕಷ್ಟೇ ಇಲ್ಲ.

ಚರ್ಚೆಯಲ್ಲಿ ಒಬ್ಬ ಹುಡುಗ, “ಬಿಜಾಪುರ ವಿಜಯಪುರ ಆತಲ್ರಿ, ಅದೂ ಹಿಂಗನ ಏನ್ರಿ? ನಮ್ಮ ಅಜ್ಜನ ಹಳೇ ಉತಾರದಾಗ ನಮ್ಮೂರ ಬಿಜಾಪುರ ಜಿಲ್ಲಾ ಅಂತ ಐತ್ರಿ” ಎಂದ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗುತ್ತಿರಲಿಲ್ಲ. ಹಲಗೆಯ ಮೇಲೆ ಬರೆದೆವು. ಜಮಖಂಡಿ 1948ರವರೆಗೆ ಪಟವರ್ಧನರ ಸಂಸ್ಥಾನ. ಆಮೇಲೆ ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆಗೆ ಸೇರಿತು. 1956ರಲ್ಲಿ ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಇವುಗಳಲ್ಲಿ ಬರೀ ಹೆಸರು ಬದಲಾದದ್ದು ಯಾವುದು ಎಂದು ಕೇಳಿದೆ. ಮೈಸೂರು ರಾಜ್ಯ ಕರ್ನಾಟಕವಾದದ್ದು, ಬಿಜಾಪುರ ವಿಜಯಪುರವಾದದ್ದು ಎಂದು ಮಕ್ಕಳೇ ಬೇರ್ಪಡಿಸಿದರು. ಬಾಗಲಕೋಟೆ ಹಾಗಲ್ಲ, ಒಂದು ಹಾಳೆಯನ್ನು ಹರಿದು ಎರಡು ಮಾಡಿದಂತೆ. ಸರಕಾರ ಆದೇಶ ಹೊರಡಿಸಿದ್ದರಿಂದ ಅಜ್ಜನ ಉತಾರ ಇಂದಿಗೂ ಅರ್ಥವಾಗುತ್ತದೆ. ಇದು ಸಬ್‌ವರ್ಷನ್ ದಾರಿ: ಬದಲಾದಾಗಲೇ ಬರೆದಿಡುವುದು.

ಅವಧಿ ಮುಗಿಯುವ ಹೊತ್ತಿಗೆ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ತಂದೆತಾಯಿ ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಊರೂರು ತಿರುಗುವವರು. “ಸರ್, ಮೊದಲಿನ ಸಾಲ್ಯಾಗ ನನ್ನ ಹೆಸರ ಬ್ಯಾರೆ ಬರದಿದ್ರು. ಊರೂ ಬ್ಯಾರೆ. ನಾ ಅಲ್ಲಿ ಓದೀನಿ ಅಂತ ಹೆಂಗ ಗೊತ್ತಾಗತೈತ್ರಿ?” ಎಂದು ಕೇಳಿದಳು. ತರಗತಿ ಸುಮ್ಮನಾಯಿತು. ಹೆಸರು, ಊರು, ಶಾಲೆ ಮೂರೂ ಒಟ್ಟಿಗೆ ಬದಲಾದರೆ ಹೋಲಿಕೆ ಗೆರೆಗಿಂತ ಕೆಳಗೆ ಬೀಳುತ್ತದೆ. ಆಗ ಅವಳು ಒಂದು ಕಡೆಯ ಲೆಕ್ಕದಲ್ಲಿ ಶಾಲೆ ಬಿಟ್ಟ ಮಗು, ಇನ್ನೊಂದು ಕಡೆಯ ಲೆಕ್ಕದಲ್ಲಿ ಹೊಸ ಮಗು. ಹಾಳೆಗಳ ಆಟದಲ್ಲಿ ‘ಹಳೆಯದು ಹೋಯಿತು, ಹೊಸದು ಹುಟ್ಟಿತು’ ಎಂದು ನಾವು ನಗುತ್ತ ಬರೆದದ್ದು ಅವಳ ವಿಷಯದಲ್ಲಿ ನಗುವ ಮಾತಾಗಿರಲಿಲ್ಲ.

ಅವಳ ತರಗತಿ ಶಿಕ್ಷಕರು ಆ ಕೆಲಸವನ್ನು ಆಗಲೇ ಮಾಡಿದ್ದರು. ನಮ್ಮ ರಾಜ್ಯದಲ್ಲಿ ಶಾಲಾ ಮಕ್ಕಳಿಗೆ ಸ್ಯಾಟ್ಸ್ ಸಂಖ್ಯೆ ಇರುತ್ತದೆ; ಶಾಲೆ ಬದಲಾದರೂ ಅದು ಬದಲಾಗಬಾರದು. ಆ ಸಂಖ್ಯೆ ಮನೆಯವರಿಗೆ ಗೊತ್ತಿರಲಿಲ್ಲ. ತಾಯಿಯ ಹೆಸರು, ಹುಟ್ಟಿದ ದಿನ, ಹಿಂದಿನ ಊರು ಇವನ್ನು ಹೊಂದಿಸಿ ನೋಡಿ ಶಿಕ್ಷಕರು ಹಳೆಯ ದಾಖಲೆಯನ್ನು ಹುಡುಕಿ, ಅದನ್ನೇ ಮುಂದುವರಿಸಿದ್ದರು. ಮೊದಲು ಗಿಟ್ ಹಾಗೆ ಹೋಲಿಸಿ ಗುರುತಿಸಿದರು. ಆಮೇಲೆ ಸಬ್‌ವರ್ಷನ್ ಹಾಗೆ ಬರೆದಿಟ್ಟರು. “ನೀನು ಓದಿದ್ದು ಅಷ್ಟೂ ಇಲ್ಲೇ ಐತಿ” ಎಂದು ಅವರು ಮರುದಿನ ಅವಳಿಗೆ ತೋರಿಸಿದಾಗ ಅವಳು ವರ್ಷಗಳನ್ನು ಬೆರಳಿಟ್ಟು ಎಣಿಸಿದಳು. ಹತ್ತನೆಯ ತರಗತಿಯ ಅಂಕಪಟ್ಟಿಗೆ ಹೋಗುವುದು ಶಾಲಾ ದಾಖಲೆಯ ಹೆಸರೇ ಆದ್ದರಿಂದ, ಅದು ಈಗಲೇ ಸರಿಯಾಗುವುದು ಅವಳಿಗೆ ಬಹಳ ಮುಖ್ಯ.

ಈ ಚಟುವಟಿಕೆಯಿಂದ ಸಹಪಾಠಿಗಳಿಗೆ ಎರಡು ಸೂಚನೆ ಕೊಡಬಯಸುತ್ತೇನೆ. ಒಂದು, ಕಡತಗಳ ಬಗ್ಗೆ: ಹೆಸರು ಬದಲಿಸುವುದನ್ನು ಒಂದು ಹೆಜ್ಜೆಯಾಗಿ ಉಳಿಸಿ, ಒಳಗಿನ ತಿದ್ದುಪಡಿಯನ್ನು ಅದರ ನಂತರ ಇನ್ನೊಂದು ಹೆಜ್ಜೆಯಾಗಿ ಮಾಡಿ. ಮೊದಲ ಹೆಜ್ಜೆಯಲ್ಲಿ ಹೋಲಿಕೆ ನೂರಕ್ಕೆ ನೂರು ಇರುವುದರಿಂದ ಜಾಡು ಕಡಿಯುವುದಿಲ್ಲ. ಒಂದೇ ಕಡತದ ಚರಿತ್ರೆ ನೋಡುವಾಗ ‘ಫಾಲೋ’ ಆಯ್ಕೆ ಕೊಟ್ಟರೆ ಗಿಟ್ ಹಳೆಯ ಹೆಸರಿನವರೆಗೂ ಹೋಗುತ್ತದೆ. ಎರಡು, ಮಕ್ಕಳ ಬಗ್ಗೆ: ವರ್ಷದ ನಡುವೆ ಬಂದ ಮಗುವನ್ನು ದಾಖಲಾತಿ ಪುಸ್ತಕದಲ್ಲಿ ಹೊಸ ಸಾಲಾಗಿ ಬರೆಯುವ ಮೊದಲು, ಅದು ಹಿಂದೆ ಎಲ್ಲಿ ಓದಿತ್ತು, ಅಲ್ಲಿ ಏನೆಂದು ಕರೆಯುತ್ತಿದ್ದರು, ಏನೇನು ಕಲಿತಿದೆ ಎಂದು ಕೇಳೋಣ. ಕೇಳಿದ್ದನ್ನು ಆಗಲೇ ಬರೆದಿಡೋಣ. ಮುಂದಿನ ಶಾಲೆಯ ಶಿಕ್ಷಕರು ಊಹಿಸುತ್ತ ಕೂರುವುದು ತಪ್ಪುತ್ತದೆ.